ಕೊಂಡಿಯಿಲ್ಲದ ಚೇಳು

ಹಂಸಾಳ ಎಡಗೈ ಮೇಲೆ ಒಂದು ಚೇಳಿದೆ. ಚೇಳು ಅಂದರೆ ಪೂರ್ತಿ ಚೇಳಲ್ಲ. ತಲೆಯಿದೆ, ಚಿಮಟದಂಥ ಎರಡು ಕೈಯಿವೆ, ಒಂದು ಮಗ್ಗುಲಲ್ಲಿ ಕಾಲುಗಳಿವೆ, ಇನ್ನೊಂದು ಮಗ್ಗುಲಲ್ಲಿ ಅವೂ ಅರ್ಧಂಬರ್ಧ. ಬಾಲವಿಲ್ಲ, ಕೊಂಡಿಯಂತೂ ಇಲ್ಲವೇ ಇಲ್ಲ. ನೋಡಿದವರಿಗೆ ಅದು ಸೀಗಡಿಯ ಹಾಗೆ ಕಂಡರೆ ಅವರ ತಪ್ಪೇನಲ್ಲ.

ಆಕೆ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಡಾಕ್ಟರು. ಮೈಸೂರಿನಲ್ಲಿ ಓದುವಾಗ ಈ ಹಚ್ಚೆ ಯಾರಿಗೂ ಕಾಣದಿರಲೆಂದು ಸುಡುಬೇಸಗೆಯಲ್ಲೂ ತುಂಬುತೋಳಿನ ಕುಪ್ಪಸ ತೊಟ್ಟವಳು. ಅಂಥವಳು ಬಂದು ಬಿದ್ದಿದ್ದು ಎಂಥಾ ದೇಶಕ್ಕೆ ನೋಡಿ! ಇಲ್ಲಿನ ಆಸ್ಪತ್ರೆಗಳಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಕೂಡದು. ವಾಚು ಕೂಡದು, ಬಳೆ ಕೂಡದು, ತೋಳು ಮುಚ್ಚುವ ಬಟ್ಟೆ ಕೂಡದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಚೇಳು ಬಯಲಿಗೆ ಬಂತು. ಅಂದಿನಿಂದ ಅರ್ಧ ಶೆಫೀಲ್ಡಿನ ಜನ ಕಣ್ಣು ಮುಚ್ಚುವ ಮುಂಚೆ ಕೊನೆಗೆ ನೋಡಿರುವುದು ಅದನ್ನೇ. "ಇದೇನು ಲವ್, ಸೀಗಡಿನಾ?" ಅಂತ ಅಲ್ಲಿನವರ ಸಲಿಗೆಯಲ್ಲಿ ಕೇಳುತ್ತಾರೆ. "ಅದೊಂದು ದೊಡ್ಡ ಕಥೆ" ಅಂತ ಹಂಸಾ ಶುರು ಮಾಡುವಷ್ಟರಲ್ಲಿ ಕೇಳಿದವರು ನಿದ್ದೆ ಹೋಗಿರುತ್ತಾರೆ. ಹಾಗಾಗಿ ಆ ಕಥೆಯನ್ನು ಅವಳು ಯಾರಿಗೂ ಪೂರ್ತಿ ಹೇಳಿದ್ದೇ ಇಲ್ಲ.

ಕಥೆ ಇಷ್ಟೇ. ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪ ಮೇಷ್ಟ್ರು, ಹಚ್ಚೆಗಿಚ್ಚೆ ಅಂದರೆ ಸಿಡಿಮಿಡಿ. ಅವರು ಯಾವುದೋ ಟ್ರೇನಿಂಗಿಗೆ ಹೋಗಿದ್ದ ಹೊತ್ತು ನೋಡಿ ಅಜ್ಜಿ ಹಚ್ಚೆ ಹಾಕುವವಳನ್ನು ಜಗಲಿಗೆ ಕರೆದು ಕೂರಿಸಿದಳು. ಮೊದಲು ಅಕ್ಕ ಚಿತ್ರಾ ಕೂತಳು. ಹಚ್ಚೆಯವಳು ಪದ ಹೇಳುತ್ತಾ ಮಸಿ ಅದ್ದಿದ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಚುಚ್ಚಿದಳು. ಚಿತ್ರಾ ತುಟಿಪಿಟಕ್ ಅನ್ನಲಿಲ್ಲ. ಬಾಲ ಮೂರು ಸುತ್ತು ಸುತ್ತಿ, ತುದಿಯಲ್ಲಿ ಹೂವಿನಂಥ ಕೊಂಡಿಯಿಟ್ಟು, ಸುತ್ತಲೂ ಚುಕ್ಕಿಯ ಸಾಲು ಬಿಡಿಸಿ ಮುಗಿಸುವವರೆಗೂ ಕಲ್ಲಿನಂತೆ ಕೂತಿದ್ದಳು. ಆಮೇಲೆ ಹಂಸಾಳ ಸರದಿ. ಕಾಲುಗಳು ಅರ್ಧವಾಗುವ ಹೊತ್ತಿಗೆ ಅವಳು ಹಚ್ಚೆಯವಳ ಮೊಣಕಾಲಿಗೆ ಒದ್ದು, ಅಜ್ಜಿಯ ಕೈ ಕಚ್ಚಿ, ಜಗಲಿ ಹಾರಿ ಓಡಿದವಳು ಸಂಜೆ ತನಕ ಮನೆ ಕಡೆ ಸುಳಿಯಲಿಲ್ಲ. "ನೋಡ್ ಕಲ್ತ್ಕೋ ನಿಮ್ಮಕ್ಕನ್ನ!" ಎಂದಳು ಅಜ್ಜಿ. ಆ ಮಾತು ಅವಳು ಸಾಯುವವರೆಗೂ ನಿಲ್ಲಲಿಲ್ಲ.

ಹಚ್ಚೆ ಹಾಕಿಸಿಕೊಂಡು ಪಶ್ಚಾತ್ತಾಪ ಪಡುವವರನ್ನು ಹಂಸಾ ದಿನಾ ನೋಡುತ್ತಾಳೆ. ಬಿಟ್ಟುಹೋದ ಹುಡುಗಿಯ ಮುಖ ಎದೆ ಮೇಲೆ ಹೊತ್ತವರು, ಸೋಲುವುದನ್ನೇ ಕಸುಬು ಮಾಡಿಕೊಂಡ ಫುಟ್‌ಬಾಲ್ ತಂಡದ ಲಾಂಛನವನ್ನು ಬೆನ್ನ ಮೇಲೆ ಹೊತ್ತವರು. ಅವಳ ಪಶ್ಚಾತ್ತಾಪವೇ ಬೇರೆ. ಹಾಕಿಸಿಕೊಂಡೆನಲ್ಲ ಎಂದಲ್ಲ, ಓಡಿಹೋದೆನಲ್ಲ ಎಂದು. ಅಕ್ಕನಿಗಿದ್ದ ಗಟ್ಟಿತನ ತನಗಿಲ್ಲ ಎನ್ನುವುದಕ್ಕೆ ಕೈ ಮೇಲೇ ಸಾಕ್ಷಿ! ಗಂಡ ಹರಿಪ್ರಸಾದ ಪುತ್ತೂರಿನ ಕಡೆಯವನು, ಅದೇ ಊರಿನ ಬ್ರೂಮ್‌ಹಿಲ್ಲಿನಲ್ಲಿ ಜೀಪಿ, ಅಂದರೆ ಫ್ಯಾಮಿಲಿ ಡಾಕ್ಟರು. "ಕೊಂಡಿ ಕೈಯಲ್ಲಿ ಇಲ್ಲದಿದ್ರೆ ಏನು ಮಾರಾಯ್ತಿ, ನಾಲಿಗೆಯಲ್ಲಿ ಉಂಟಲ್ಲ" ಎಂದು ರೇಗಿಸುತ್ತಾನೆ. ಅವಳೂ ನಗುತ್ತಾಳೆ. ಆದರೆ ಈ ವರ್ಷ ರಿಟೈರ್ ಆಗುವುದೆಂದು ನಿಶ್ಚಯವಾದ ದಿನ ಅವಳು ಇನ್ನೊಂದನ್ನೂ ನಿಶ್ಚಯಿಸಿದಳು. ಚೇಳನ್ನು ಪೂರ್ತಿ ಮಾಡಿಸುವುದೇ ಸೈ! ಅದೂ ಮೆಷಿನ್ನಿನಲ್ಲಲ್ಲ, ಕೈಯಿಂದಲೇ ಚುಚ್ಚಿಸಿಕೊಂಡು. ಅಕ್ಕನ ಚೇಳಿಗೆ ಜೋಡಿಯಾಗಿ, ಅದೇ ಮೂರು ಸುತ್ತು, ಅದೇ ಹೂವು.

ಆ ಬಾಲದ ನಮೂನೆ ಲೋಕದಲ್ಲಿ ಇದ್ದಿದ್ದು ಒಂದೇ ಕಡೆ, ಚಿತ್ರಾಳ ತೋಳಿನ ಮೇಲೆ. ಒಂದು ಫೋಟೋ ಕಳಿಸೇ ಅಂದರೆ ಕಳಿಸುವವಳಲ್ಲ. ಒಂದು ದಿನ ಫೋನ್ ಸರಿಯಿಲ್ಲ, ಇನ್ನೊಂದು ದಿನ ಬೆಳಕಿಲ್ಲ. ಗಂಡ ಹೋದ ಮೇಲೆ ಅವಳೂ ತುಂಬುತೋಳಿನ ಕುಪ್ಪಸ ಹಿಡಿದಿದ್ದಳು. ಕೊನೆಗೆ ಅಕ್ಕನನ್ನೇ ವಿಮಾನ ಹತ್ತಿಸಿ ಕರೆಸಿಕೊಂಡಿದ್ದಾಯಿತು. ಬಂದ ಮಾರನೇ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, ಹಂಸಾ ಹಬ್ಬದ ಸುದ್ದಿ ಹೇಳುವಂತೆ ಹೇಳಿದಳು.

"ಅಕ್ಕಾ, ಶನಿವಾರ ನಂದೂ ಪೂರ್ತಿ ಆಗುತ್ತೆ! ನಿನ್ನ ಕೈ ನೋಡ್ಕೊಂಡು ಬಿಡಿಸ್ತಾರೆ. ಆಮೇಲೆ ಇಬ್ರದ್ದೂ ಜೋಡಿ!"

ಚಿತ್ರಾ ಚಮಚ ಕೆಳಗಿಟ್ಟಳು.

"ಅಲ್ಲ ಕಣೇ ಹಂಸಿ, ನಾನು ಬಂದಿರೋದೇ ಇದನ್ನ ತೆಗೆಸೋಕೆ."

"ಏನು?"

"ಲೇಸರ್ರಲ್ಲಿ ಅಳಿಸ್ತಾರಂತಲ್ಲ. ಊರಲ್ಲಿ ಮಾಡಿಸಿದ್ರೆ ನೂರು ಜನ ನೂರು ಕೇಳ್ತಾರೆ. ನೀನು ಡಾಕ್ಟ್ರು, ಒಳ್ಳೆ ಕಡೆ ಗೊತ್ತಿರುತ್ತೆ. ಕೈ ಮೇಲೆ ಒಂದು ಚುಕ್ಕೀನೂ ಇರಬಾರದು ನಂಗೆ."

ಹಂಸಾ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತಳು. ಜೀವಮಾನವಿಡೀ ಯಾವ ಚೇಳಿಗೆ ಹೊಟ್ಟೆಕಿಚ್ಚುಪಟ್ಟಳೋ ಅದನ್ನೇ ಅಳಿಸುವುದಂತೆ! "ಯಾಕಕ್ಕಾ? ಮೊಮ್ಮಕ್ಕಳು ನಗ್ತಾವಾ? ಈಗ ಇದೇ ಫ್ಯಾಷನ್ನು ಗೊತ್ತಾ, ಇಲ್ಲಿನ ಹುಡುಗೀರು ದುಡ್ಡು ಕೊಟ್ಟು ಹಾಕಿಸ್ಕೋತಾರೆ."

"ಅವರು ಹಾಕಿಸ್ಕೊಳ್ಳಲಿ."

"ಅಜ್ಜಿ ಹೇಳ್ತಿರ್ಲಿಲ್ವಾ, ಸತ್ತಾಗ ಒಡವೆಯೆಲ್ಲಾ ಬಿಚ್ಕೋತಾರೆ, ಹಚ್ಚೆ ಮಾತ್ರ ಜೊತೇಲಿ ಬರುತ್ತೆ ಅಂತ?"

"ಅದಕ್ಕೇ ಬೇಡ ಅಂದಿದ್ದು" ಎಂದು ಚಿತ್ರಾ ತಟ್ಟೆ ಎತ್ತಿಕೊಂಡು ಎದ್ದಳು.

ಅಕ್ಕನ ಬಾಯಿ ಬಿಡಿಸುವುದು ಯಾವತ್ತಿಗೂ ಆಗದ ಕೆಲಸ. ಹರಿಪ್ರಸಾದ ನಡುವೆ ಬಿದ್ದು ರಾಜಿ ಮಾಡಿಸಿದ. ಶನಿವಾರ ಚಿತ್ರಾ ತೋಳು ತೋರಿಸಬೇಕು, ಬಾಲದ ನಕಲು ತೆಗೆದ ಮೇಲೆ ಹಂಸಾ ಅವಳನ್ನು ಲೇಸರ್ ಕ್ಲಿನಿಕ್ಕಿಗೆ ಕರೆದೊಯ್ಯಬೇಕು. ಹಂಸಾ ಆಗಲಿ ಎಂದಳು. ಒಳಗೊಳಗೇ ಅವಳ ಲೆಕ್ಕಾಚಾರ ಬೇರೆಯಿತ್ತು. ಅಂಗಡಿಯಲ್ಲಿ ಎರಡು ಚೇಳು ಅಕ್ಕಪಕ್ಕ ಕೂತ ಮೇಲೆ ಅಕ್ಕನ ಮನಸ್ಸು ಕರಗದೇ ಇರುತ್ತದೆಯೇ? ಕರಗಲೇಬೇಕು. ಇಲ್ಲದಿದ್ದರೆ ತನ್ನ ಚೇಳಿಗೆ ಬಾಲ ಬಂದರೂ ಜೋಡಿಯಿರುವುದಿಲ್ಲ.

ಶನಿವಾರ ಬಂತು ನೋಡಿ, ಹಂಸಾ ನೆಲದ ಮೇಲೆ ನಿಂತವಳಲ್ಲ! ಎರಡು ಸಲ ಸೀರೆ ಬದಲಾಯಿಸಿ ಕೊನೆಗೆ ಜೀನ್ಸ್ ಹಾಕಿದಳು. ದಾರಿಯುದ್ದಕ್ಕೂ ಪಟಪಟ ಮಾತು. ಹಚ್ಚೆಯಂಗಡಿಯ ಹುಡುಗಿ ಬೆಥನಿ. ಕತ್ತಿನ ತನಕ ಹೂಬಳ್ಳಿ, ಮೂಗಿನಲ್ಲಿ ಎರಡು ನತ್ತು. "ಥೇಟ್ ನಮ್ಮ ದೊಡ್ಡತ್ತೆ ಕಣೇ" ಎಂದಳು ಚಿತ್ರಾ. ಆ ದಿನ ಅವಳು ಆಡಿದ ಮೊದಲ ತಮಾಷೆ ಅದು. ಹಂಸಾಳಿಗೆ ಆಸೆ ಚಿಗುರಿತು.

ಚಿತ್ರಾ ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು. ಬೆಥನಿ "ಓ ಮೈ ಡೇಸ್!" ಎಂದು ಬಾಯ ಮೇಲೆ ಕೈಯಿಟ್ಟುಕೊಂಡಳು. ತೆಳು ಹಾಳೆ ತೋಳಿನ ಮೇಲೆ ಹಾಸಿ, ಒಂದೊಂದೇ ಗೆರೆಯನ್ನು ಭಕ್ತಿಯಿಂದ ತಿದ್ದತೊಡಗಿದಳು. ಇಷ್ಟು ಹೊತ್ತಿಗೆ ನಮ್ಮ ಹಂಸಾ ಎಲ್ಲಿ? ಬಾತ್‌ರೂಮಿನಲ್ಲಿ. ಮಂದಿಗೆಲ್ಲಾ ಸೂಜಿ ಚುಚ್ಚಿ ಚುಚ್ಚಿ ತಲೆ ನರೆತ ಡಾಕ್ಟರು, ಈಗ ತನ್ನ ಸರದಿಯ ಸೂಜಿಗೆ ಹೆದರಿ ಒಳಗೆ ಚಿಲಕ ಹಾಕಿಕೊಂಡಿದ್ದಳು. ಹೊರಬಂದಾಗ ನಕಲು ಸಿದ್ಧವಾಗಿತ್ತು. ಬೆಥನಿ ಅದನ್ನು ಅವಳ ತೋಳಿಗೆ ಒತ್ತಿ, ಒದ್ದೆ ಮಾಡಿ, ಮೆಲ್ಲಗೆ ಬಿಡಿಸಿದಳು. ನೇರಳೆ ಬಣ್ಣದಲ್ಲಿ ಮೂರು ಸುತ್ತಿನ ಬಾಲ! ತುದಿಯಲ್ಲಿ ಹೂವು! ಸುತ್ತ ಚುಕ್ಕಿ! ಅದರ ಕೆಳಗೆ...

"ಅಯ್ಯೋ ದೇವ್ರೇ!" ಎಂದು ಕಿರುಚಿದಳು ಹಂಸಾ.

ಅದರ ಕೆಳಗೆ ದುಂಡಗೆ, ಮುದ್ದಾಗಿ, ಒಂದು ಒತ್ತೂ ಬಿಡದೆ, ಚನ್ನಪ್ಪ ಎಂದಿತ್ತು.

ಚನ್ನಪ್ಪ ಅಂದರೆ ಚಿತ್ರಾಳ ತೀರಿಹೋದ ಗಂಡ. ಊರ ಕಡೆ ಎಷ್ಟೋ ಹೆಂಗಸರ ತೋಳಿನ ಮೇಲೆ ಗಂಡನ ಹೆಸರಿರುತ್ತದೆ. ಅಕ್ಕನ ಕೈ ಮೇಲೂ ಇದೆಯೆಂಬುದು ಹಂಸಾಳಿಗೆ ಮರೆತೇಹೋಗಿತ್ತು. ಕನ್ನಡ ಬಾರದ ಬೆಥನಿಗೆ ಅದೊಂದು ಬಳ್ಳಿ.

ಹರಿಪ್ರಸಾದ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಮಡಚಿಹೋದ. "ನನ್ನ ಹೆಂಡತಿ ಕೈ ಮೇಲೆ ಷಡ್ಡಕನ ಹೆಸರು! ನಾನಿನ್ನು ಯಾವ ಮುಖ ಹೊತ್ತು ಕ್ಲಿನಿಕ್ಕಿಗೆ ಹೋಗಲಿ ಮಾರಾಯ್ತಿ!" ಹಂಸಾಳಿಗೂ ನಗು ತಡೆಯಲಾಗಲಿಲ್ಲ. ವಿಷಯ ತಿಳಿದ ಬೆಥನಿ ಕೆಂಪಗಾಗಿ, ಸಾರಿ ಸಾರಿ ಎನ್ನುತ್ತಾ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಒಂದೇ ಸಲ ಉಜ್ಜಿದಳು. ಹೆಸರು ಹೋಯಿತು. ಚೇಳು ಹಾಗೇ ಉಳಿಯಿತು.

ನಗದಿದ್ದವಳು ಚಿತ್ರಾ ಒಬ್ಬಳೇ. ಅವಳು ಆ ಹತ್ತಿಯನ್ನೇ ನೋಡುತ್ತಿದ್ದಳು.

"ಅಷ್ಟೇನಾ?" ಎಂದಳು. "ಅದೊಂದೇ ಹೋಯ್ತಾ? ಚೇಳಿಗೇನೂ ಆಗ್ಲಿಲ್ವಾ?"

"ಇದು ಬರೀ ಬಣ್ಣ ಅಕ್ಕ."

"ಲೇಸರ್ರಲ್ಲೂ ಹೀಗೇ ಆಗುತ್ತಾ? ಒಂದನ್ನ ಬಿಟ್ಟು ಇನ್ನೊಂದನ್ನ?"

"ಆಗುತ್ತೆ. ಎಷ್ಟು ಬೇಕೋ ಅಷ್ಟು ಜಾಗಕ್ಕೆ ಮಾತ್ರ..." ಎಂದವಳು ಅಲ್ಲಿಗೇ ನಿಂತಳು. ನಗು ಎಲ್ಲಿ ಹೋಯಿತೋ. "ಅಕ್ಕಾ, ನೀನು ತೆಗೆಸ್ಬೇಕು ಅಂದಿದ್ದು ಚೇಳನ್ನಲ್ವಾ?"

ಚಿತ್ರಾ ಕುಪ್ಪಸದ ತೋಳನ್ನು ಕೆಳಗೆಳೆದುಕೊಳ್ಳಲು ಹೋಗಿ ಕೈ ಬಿಟ್ಟಳು.

"ಚೇಳು ನನಗೇನು ಮಾಡಿತ್ತೇ? ಎಲ್ಲಾ ಒಟ್ಟಿಗೇ ಅಳಿಸಿಬಿಡೋ ಮೆಷಿನ್ನು ಅಂದ್ಕೊಂಡಿದ್ದೆ. ಅಲ್ದೆ ಅದನ್ನ ಇಟ್ಕೊಂಡು ಹೆಸರು ಮಾತ್ರ ತೆಗೀರಿ ಅಂದ್ರೆ ಕಾರಣ ಕೇಳ್ತೀರಲ್ಲ. ಮದುವೆಯಾದ ವಾರಕ್ಕೇ ಕೂರಿಸಿ ಬರೆಸಿದ್ರು ಕಣೇ. ಈ ಹುಡುಗಿ ಗಟ್ಟಿ, ಅಳೋದೇ ಇಲ್ಲ ಅಂತ ಅವರ ಮನೇಲೂ ಹೇಳಿಬಿಟ್ಟಿದ್ಲಲ್ಲ ಅಜ್ಜಿ. ಅಳಲಿಲ್ಲ. ಆಮೇಲೆ ಅವರು ಹೊಡೆದಾಗಲೂ ಅಳಲಿಲ್ಲ. ಗಟ್ಟಿ ಹೆಂಗಸು ಅಂತ ಹೆಸರಾಯ್ತು. ಅವರು ಹೊಡೀತಾನೇ ಹೋದ್ರು."

ಹರಿಪ್ರಸಾದ ತಲೆ ತಗ್ಗಿಸಿದ. ಬೆಥನಿಗೆ ಮಾತು ತಿಳಿಯದಿದ್ದರೂ ಸೂಜಿ ಕೆಳಗಿಟ್ಟಳು. ಹಂಸಾಳ ಎದೆಯೊಳಗೆ ಬೆಂಕಿ ಎದ್ದಿತು. ಭಾವ ಭಾವ ಎಂದು ಊರಿಗೆ ಹೋದಾಗಲೆಲ್ಲ ಕಾಲಿಗೆ ಬಿದ್ದಿದ್ದಳಲ್ಲ!

"ನನಗೊಂದು ಮಾತೂ ಹೇಳ್ಲಿಲ್ವಲ್ಲೇ ಅಕ್ಕಾ!"

"ಹೇಗೆ ಹೇಳಲಿ? ನೀನು ಫೋನ್ ಮಾಡ್ದಾಗೆಲ್ಲಾ ಅದೇ ರಾಗ. ನಿನ್ನಷ್ಟು ಗಟ್ಟಿ ನಾನಲ್ಲ ಅಕ್ಕ, ಅವತ್ತು ಓಡಿಹೋದೆ ಅಕ್ಕ ಅಂತ. ನಾನಿಲ್ಲಿ ದಿನಾ ಏನಂದ್ಕೋತಿದ್ದೆ ಗೊತ್ತಾ? ಅವಳು ಅಜ್ಜಿ ಕೈ ಕಚ್ಚಿ ಓಡಿದ್ಲಲ್ಲ, ಅದು ನನಗೆ ಯಾಕೆ ಹೊಳೀಲಿಲ್ಲ ಅಂತ."

ಹಂಸಾ ಎದ್ದು ಅಕ್ಕನನ್ನು ತಬ್ಬಿಕೊಂಡಳು. ತೋಳಿನ ನೇರಳೆ ಬಣ್ಣ ಚಿತ್ರಾಳ ಸೀರೆಗೆಲ್ಲ ಮೆತ್ತಿಕೊಂಡು ಚೇಳು ಕಲಸಿಹೋಯಿತು. ಬೆಥನಿ ತಾನೂ ಕಣ್ಣೊರೆಸಿಕೊಂಡು, ಹೆಸರಿನ ಜಾಗ ಬಿಟ್ಟು, ಇನ್ನೊಂದು ನಕಲು ತೆಗೆದು ಒತ್ತಿದಳು.

ಆಮೇಲೆ ಸೂಜಿ. ಮೊದಲ ಚುಚ್ಚಿಗೇ ಹಂಸಾ "ಅಮ್ಮಾ!" ಎಂದಳು. ಎರಡನೆಯದಕ್ಕೆ ಕಾಲು ತಾನಾಗಿ ನೆಲ ಮುಟ್ಟಿತು. ಹರಿಪ್ರಸಾದ "ಹಿಡೀರಿ ಅಕ್ಕ, ಹಿಡೀರಿ, ಓಡ್ತಾಳೆ!" ಎಂದ. ಚಿತ್ರಾ ತಂಗಿಯ ಬಲಗೈ ಹಿಡಿದಳು. ಅಜ್ಜಿ ಒತ್ತಿ ಹಿಡಿದಿದ್ದ ಹಾಗಲ್ಲ, ಸಂತೆಯಲ್ಲಿ ಕೈ ತಪ್ಪದಿರಲೆಂದು ಹಿಡಿಯುವ ಹಾಗೆ.

"ಓಡ್ಬೇಕು ಅನ್ಸಿದ್ರೆ ಹೇಳು ಹಂಸಿ. ಈ ಸಲ ನಾನೂ ಬರ್ತೀನಿ."

ಆ ಮಾತು ಕೇಳಿದ ಮೇಲೆ ಹಂಸಾಳಿಗೆ ಓಡಬೇಕೆನ್ನಿಸಲಿಲ್ಲ. ಕೂಗಿದಳು, ಬೈದಳು, ಚಾಕಲೇಟು ಬೇಡಿದಳು, ಆದರೆ ಕದಲಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಚೇಳಿಗೆ ಕಾಲೂ ಬಂತು, ಬಾಲವೂ ಬಂತು, ತುದಿಯಲ್ಲಿ ಹೂವಿನಂಥ ಕೊಂಡಿಯೂ ಬಂತು. ಅಕ್ಕ ತಂಗಿ ಇಬ್ಬರೂ ತೋಳು ಜೋಡಿಸಿ ನಿಂತು ಫೋಟೋ ತೆಗೆಸಿಕೊಂಡರು. ಚಿತ್ರಾ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡಿದ್ದಳು.

ಲೇಸರಿನ ಸರದಿ ಬಂದಿದ್ದು ಕೆಲವು ವಾರಗಳ ಮೇಲೆ. ಹೆಸರಿನ ಒಂದು ಚುಕ್ಕಿಯ ಮೇಲೆ ಮೊದಲು ಪರೀಕ್ಷೆ ಮಾಡಿ, ಚರ್ಮ ತಡೆದುಕೊಳ್ಳುತ್ತದೆಂದು ಖಾತ್ರಿಯಾದ ಬಳಿಕ ಕರೆದಿದ್ದರು. ಒಂದೇ ಸಲಕ್ಕೆ ಹೋಗುವುದಿಲ್ಲ, ಮತ್ತೆ ಮತ್ತೆ ಬರಬೇಕು ಎಂದೂ ಹೇಳಿದ್ದರು. ಹಂಸಾ ತಾನೇ ನಿಂತು ಅಕ್ಕನ ತೋಳಿಗೆ ನೋವು ತಿಳಿಯದ ಮುಲಾಮು ಬಳಿಸಿದಳು. ಜೀವಮಾನದ ಕಸುಬು ಅದು. ಚಿವುಟಿ ನೋಡಿದಳು. "ಏನೂ ಗೊತ್ತಾಗ್ತಿಲ್ಲ ಕಣೇ" ಎಂದಳು ಚಿತ್ರಾ.

ಕಪ್ಪು ಕನ್ನಡಕ ಹಾಕಿಕೊಂಡು ಚಿತ್ರಾ ಒಳಗೆ ಮಲಗಿದಳು. ಹಂಸಾ ಬಾಗಿಲ ಹೊರಗೆ ಕೂತಳು. ಒಳಗೆ ಯಂತ್ರ ಟಕ್ ಎಂದಿತು.

"ಅಯ್ಯಯ್ಯೋ ಅಮ್ಮಾ!"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮತ್ತೆ ಟಕ್ ಎಂದಿತು. ಮತ್ತೆ ಆ ಕೂಗು, ಮೊದಲಿಗಿಂತ ದೊಡ್ಡದು, ಹೊಟ್ಟೆಯೊಳಗಿನಿಂದ ಬಂದದ್ದು. ಹಂಸಾ ತಟ್ಟನೆ ಎದ್ದವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ತಾನೇ ಬಳಿಸಿದ ಮುಲಾಮು, ತಾನೇ ಚಿವುಟಿ ನೋಡಿದ ತೋಳು. ಅಲ್ಲಿ ನೋವಿರುವುದು ಸಾಧ್ಯವೇ ಇರಲಿಲ್ಲ.

ನರ್ಸು ಗಾಬರಿಯಿಂದ, ನಿಲ್ಲಿಸೋಣವೇ ಎಂದು ಕೇಳುವುದು ಕೇಳಿಸಿತು.

"ನೋ ಸ್ಟಾಪ್!" ಎಂದು ಚಿತ್ರಾ ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲೇ ಗುಡುಗಿದಳು. "ನೀನು ಮಾಡಮ್ಮ! ನಾನು ಕೂಗ್ತೀನಿ!"