ಈಬತ್ತಿ ಹಚ್ಚಿದ ಗಾಜು

ನಿಜಾಮ ಸರ್ಕಾರದ ಲೆಕ್ಕದಲ್ಲಿ ಫಸಲಿ ೧೩೫೧, ದೈ ತಿಂಗಳ ಹತ್ತನೇ ತಾರೀಖು, ಶುಕ್ರವಾರ, ರಜೆಯ ದಿನ. ಬೆಳಗಿನ ಆರೂಮುಕ್ಕಾಲು. ಸ್ಥಳ ಜಹೀರಾಬಾದಿನ ನಮ್ಮ ಮನೆಯ ಹಿತ್ತಲು. ಹಾಜರಿದ್ದವರು ಇಬ್ಬರು, ನಾನು ಮತ್ತು ನನ್ನ ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅಪ್ಪ ಅವ್ವ ಕಡಲೆ ಬಿತ್ತನೆಗೆಂದು ಮನೂರಿನ ಹೊಲಕ್ಕೆ ಹೋಗಿ ಎರಡು ದಿನವಾಗಿತ್ತು. ಕ್ಯಾಮೆರಾವನ್ನೂ ಸೇರಿಸಿದರೆ ಮೂವರು ಎನ್ನಬೇಕು. ಆ ದಿನ ನಾನು ಅದಕ್ಕೆ ಹೆದರಿದಷ್ಟು ಯಾವ ಮನುಷ್ಯನಿಗೂ ಹೆದರಿರಲಿಲ್ಲ.

ಕ್ಯಾಮೆರಾ ನನ್ನದಲ್ಲ. ನಾನು ನಾಲ್ಕು ತಿಂಗಳಿಂದ ಹಂಗಾಮಿಯಾಗಿ ಪಾಠ ಹೇಳುತ್ತಿದ್ದ ಮದ್ರಸೆಯ, ಅಂದರೆ ಸರ್ಕಾರಿ ಶಾಲೆಯ, ದೊಡ್ಡ ಮಾಸ್ತರರದು. ಊರವರು ಅವರನ್ನು ಸದರ್ ಸಾಹೇಬರು ಎನ್ನುತ್ತಿದ್ದರು. ಅವರಿಗೆ ಹೂವಿನ ಮೇಲಿನ ಜೇನು, ಪಾತರಗಿತ್ತಿಗಳ ಫೋಟೋ ತೆಗೆಯುವ ಹುಚ್ಚಿತ್ತು. ಆ ವರ್ಷ ಅವರ ಬಲಗೈ ನಡುಗತೊಡಗಿತು. ತಿಂಗಳ ಕೊನೆಗೆ ತನಿಖೆಯ ಸಾಹೇಬರು ಬರುವವರಿದ್ದರು. ನಿಸರ್ಗ ಪಾಠದ ಗೋಡೆಗೆ ಎಂಟು ಫೋಟೋ ಬೇಕಿತ್ತು. ನನ್ನ ಕೈಬರಹ ನೋಡಿ, ಕೈ ಗಟ್ಟಿಯಿದೆ ಎಂದು ಕ್ಯಾಮೆರಾ ನನಗೆ ಕೊಟ್ಟರು. ನನ್ನ ನೌಕರಿ ಕಾಯಂ ಆಗುವುದು ಅದೇ ತನಿಖೆಯಲ್ಲಿ, ಸದರ್ ಸಾಹೇಬರು ಬರೆದುಕೊಡುವ ಒಂದು ಚೀಟಿಯ ಮೇಲೆ. ಇಲ್ಲವಾದರೆ ತಾಂಡೂರಿಗೆ ಹೋಗಿ ಸೋದರಮಾವನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊಲಿಯುವುದು ಎಂದು ಅಪ್ಪ ಮೊದಲೇ ಹೇಳಿ ಇಟ್ಟಿದ್ದರು.

ನನಗಿಂತ ಮೊದಲು ಇದ್ದ ಹಂಗಾಮಿ ಮಾಸ್ತರ ಮದ್ರಸೆಯ ಭೂಗೋಳದ ಗುಂಡನ್ನು ಕೈಜಾರಿ ಬೀಳಿಸಿದ್ದ. ಸದರ್ ಸಾಹೇಬರು ಬೈಯಲಿಲ್ಲ. ಮರುದಿನ ಅವನ ಕುರ್ಚಿ ಗೋಡೆಗೆ ಮುಖ ಮಾಡಿ ಕೂತಿತ್ತು, ಅವನು ಮತ್ತೆ ಬರಲಿಲ್ಲ. ಆ ಕುರ್ಚಿಯೇ ನನಗೆ ಬಂದದ್ದು.

ಕ್ಯಾಮೆರಾ ಕೊಡುವಾಗ ಮೂರು ನಿಯಮ ಹೇಳಿದ್ದರು. ತೆರೆದ ಮೇಲೆ ಅದನ್ನು ಬಿಟ್ಟು ಕದಲಬಾರದು. ಗಾಜಿಗೆ ಬಟ್ಟೆ ತಾಗಿಸಬಾರದು. ಮಸೀದಿಯ ಸಂಜೆಯ ಬಾಂಗಿಗೆ ಮೊದಲು ತಂದು ಒಪ್ಪಿಸಬೇಕು. ಅದರ ಮುಂಗಣ್ಣಿಗೆ ಸಿಕ್ಕಿಸುವ, ಹತ್ತಿರದ್ದನ್ನು ದೊಡ್ಡದು ಮಾಡಿ ತೋರಿಸುವ ಗಾಜಿನ ಬಿಲ್ಲೆಯೊಂದು ಬೇರೆ ಇತ್ತು. ಲಡಾಯಿಯ ಕಾಲ, ಅಂಥ ಬಿಲ್ಲೆ ಈಗ ಮುಂಬಯಿಯಲ್ಲೂ ಸಿಗುವುದಿಲ್ಲ ಎಂದಿದ್ದರು.

ಹೂವಿನ ಏರ್ಪಾಟು ಹಿಂದಿನ ದಿನವೇ ಮಾಡಿಕೊಂಡಿದ್ದೆ. ಅದು ಸುಲಭವಿರಲಿಲ್ಲ. ಜೇನು ಕೂತ ಹೂವನ್ನು ಆಯಿ ಲಿಂಗಕ್ಕೆ ಏರಿಸುತ್ತಿರಲಿಲ್ಲ. ಆದ್ದರಿಂದ ಬಿಸಿಲು ಬೀಳುವ ಮೊದಲೇ ಹಿತ್ತಲನ್ನೆಲ್ಲ ಬೋಳು ಮಾಡಿಬಿಡುತ್ತಿದ್ದಳು. ಕಾರ್ತಿಕ ಮಾಸದಲ್ಲಂತೂ ಒಂದು ಮೊಗ್ಗೂ ಉಳಿಯುತ್ತಿರಲಿಲ್ಲ. ಬಾವಿ ಕಡೆಯ ಸೇವಂತಿಗೆ ಸಾಲನ್ನು ಒಂದು ದಿನ ಬಿಡು ಎಂದು ಬಹಳ ಹೊತ್ತು ಬೇಡಿಕೊಂಡೆ. ಸರ್ಕಾರಕ್ಕೆ ಹುಳದ ಫೋಟೋ ಯಾಕೆ ಬೇಕು, ಹುಳಕ್ಕೂ ಕಂದಾಯದ ಪಟ್ಟಿ ಹಾಕುತ್ತಾರೇನು ಎಂದು ಕೇಳಿ ನಕ್ಕಳು. ಆದರೆ ಬಿಟ್ಟಳು. ಬೆಳಿಗ್ಗೆ ನೋಡಿದರೆ ಆ ಸಾಲು ಮಾತ್ರ ಹಳದಿಯಾಗಿ ನಿಂತಿತ್ತು.

ಆರೂಮುಕ್ಕಾಲಿಗೆ ಕ್ಯಾಮೆರಾ ತೆರೆದು ಮಣೆಯ ಮೇಲೆ ಇಟ್ಟೆ. ಬಿಲ್ಲೆ ಸಿಕ್ಕಿಸಿದೆ. ಗಾಜಿನಿಂದ ಹೂವಿಗೆ ಸರಿಯಾಗಿ ಒಂದು ಮೊಳ ದೂರವಿರಬೇಕೆಂದು ದಾರಕ್ಕೆ ಗಂಟು ಹಾಕಿದೆ. ಕೈಗೆ ಎಣ್ಣೆ ಹತ್ತಿದಂತೆ ಅನಿಸಿತು. ತೊಳೆದು ಬರಲು ಬಾವಿಗೆ ಹೋದೆ. ಹೋಗುವುದು ಹದಿನೆಂಟು ಹೆಜ್ಜೆ, ಬರುವುದು ಹದಿನೆಂಟು. ಮೊದಲ ನಿಯಮ ಮುರಿದದ್ದು ಅಲ್ಲಿ.

ಮರಳಿ ಬಂದಾಗ ಆಯಿ ಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪೂಜೆ ಮುಗಿಸಿ ಬಂದಿದ್ದಳು. ಬೆರಳು ಇನ್ನೂ ಒದ್ದೆ. ಬಿಲ್ಲೆಯ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ.

"ಹೊಸಾದು ಮನೀಗಿ ಬಂದದ. ಈಬತ್ತಿ ಹಚ್ಚದೆ ಹ್ಯಾಂಗ ಕೆಲಸಕ್ಕ ಹಚ್ತಿ?" ಎಂದಳು. "ಕೂರಿಗಿಗಿ ಹಚ್ತೀವಿ, ತಕ್ಕಡಿಗಿ ಹಚ್ತೀವಿ. ಇದಕ್ಕ ಹಣಿ ಎಲ್ಲದ ಅಂತ ಹುಡುಕಿದೆ, ಸಿಗಲಿಲ್ಲ. ಕಣ್ಣೇ ಸಿಕ್ಕಿತು."

ಗೋಡೆಗೆ ಮುಖ ಮಾಡಿದ ಕುರ್ಚಿ ಕಣ್ಣಮುಂದೆ ಬಂತು. ಅವಳ ಈಬತ್ತಿ ಎಂದರೆ ವಿಭೂತಿ, ಅಂದರೆ ಬೂದಿ. ಎಷ್ಟೇ ಸೋಸಿದರೂ ಅದರಲ್ಲಿ ಮರಳಿನ ಕಣ ಉಳಿದಿರುತ್ತದೆ. ಒರೆಸಿದರೆ ಗಾಜು ಗೀರುತ್ತದೆ, ಬಿಟ್ಟರೆ ಫೋಟೋ ಇಲ್ಲ. ಬಾಯಿಂದ ಊದಿದೆ. ಅಂಚು ಒಣಗಿ ಸ್ವಲ್ಪ ಉದುರಿತು, ನಡುವಿನದು ಕದಲಲಿಲ್ಲ. ನನಗೇ ಗೊತ್ತಿಲ್ಲದೆ ಧೋತರದ ಚುಂಗು ಕೈಗೆ ಬಂದಿತ್ತು.

ಆಯಿ ನನ್ನ ಮಣಿಕಟ್ಟು ಹಿಡಿದಳು. ತಪ್ಪಾಗಿದೆ ಎಂದು ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು. ನೌಕರಿಯ ಮಾತನ್ನು ಎರಡು ವಾಕ್ಯದಲ್ಲಿ ಹೇಳಿದೆ. ಅವಳು ಅಳಲಿಲ್ಲ, ತನ್ನದೇನೂ ತಪ್ಪಿಲ್ಲ ಎಂದು ವಾದಿಸಲೂ ಇಲ್ಲ.

"ಒಣಗಿದ್ದು ಒರಸಬ್ಯಾಡ, ತಮ್ಮಾ. ಅದನ್ನ ಬಿಚ್ಚಿ ನನ್ನ ಕೈಯಾಗ ಕೊಡು."

ಬಿಲ್ಲೆ ಬಿಚ್ಚಿ ಕೊಟ್ಟೆ. ಅವಳು ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು, ದಿನಾ ಲಿಂಗವನ್ನು ಇಟ್ಟುಕೊಳ್ಳುವ ಹಾಗೆ. ಲಿಂಗದ ಮೇಲಿನ ಕಪ್ಪು ಲೇಪವಾದ ಕಂತಿಗೆ ಕನ್ನಡಿಯ ಹೊಳಪಿರುತ್ತದೆ. ಅದಕ್ಕೆ ನಿತ್ಯ ವಿಭೂತಿ ಹಚ್ಚಬೇಕು, ನಿತ್ಯ ತೊಳೆಯಬೇಕು, ಗೀರು ಬೀಳಕೂಡದು. ಈ ಕೆಲಸ ಅವಳು ಏಳನೇ ವರ್ಷದಿಂದ ಮಾಡಿದವಳು. ಮೂರು ಬೆರಳ ತುದಿಯಿಂದ ನೀರು ಬಿಟ್ಟಳು. ಉಜ್ಜಲಿಲ್ಲ. ಅಂಗೈಯನ್ನು ಓರೆ ಮಾಡಿದಳು, ಬೂದಿ ನೀರಿನ ಜೊತೆ ಜಾರಿತು. ಹೀಗೆ ಒಂಬತ್ತು ಸಲ. ಆಮೇಲೆ ಪೂಜೆಯ ಬುಟ್ಟಿಯಿಂದ, ಲಿಂಗಕ್ಕೆ ಸುತ್ತಿ ಸುತ್ತಿ ಮೆತ್ತಗಾದ ಹಳೆಯ ರೇಷ್ಮೆಯ ತುಂಡು ತೆಗೆದಳು. ಅದನ್ನು ಅವ್ವನೂ ಮುಟ್ಟುವಂತಿರಲಿಲ್ಲ. ಅದನ್ನು ಗಾಜಿನ ಮೇಲೆ ಒತ್ತಿದಳು, ಎತ್ತಿದಳು, ಬೇರೆ ಮೂಲೆ ಹಿಡಿದು ಮತ್ತೆ ಒತ್ತಿದಳು. ಎರಡನೇ ನಿಯಮವೂ ಮುರಿಯಿತು. ನಾನು ತಡೆಯಲಿಲ್ಲ.

ಗಾಜು ತಿಳಿಯಾಯಿತು. ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಹತ್ತಿರ ಕೂದಲೆಳೆಯಷ್ಟು ಒಂದು ಗೀರು ಇತ್ತು.

ಅದು ಮೊದಲೇ ಇತ್ತೋ, ಈಗ ಬಿದ್ದದ್ದೋ? ಕ್ಯಾಮೆರಾ ತೆಗೆದುಕೊಳ್ಳುವಾಗ ನಾನು ಬಿಲ್ಲೆಯನ್ನು ನೋಡಿಯೇ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಯಾರಿಂದ ಯಾವ ವಸ್ತು ಪಡೆದರೂ, ಕೊಟ್ಟವರ ಎದುರಿಗೇ ತಿರುಗಿಸಿ ನೋಡಿ ಪಡೆಯುತ್ತೇನೆ. ಮನೆಯವರು ಇದನ್ನು ಅನುಮಾನದ ಬುದ್ಧಿ ಎನ್ನುತ್ತಾರೆ. ಆಯಿಗೆ ಗೀರಿನ ಮಾತು ಹೇಳಲಿಲ್ಲ. ಅವಳು ರೇಷ್ಮೆಯನ್ನು ನನ್ನ ಕೈಗೆ ಕೊಟ್ಟು, ನಾಳಿನ ಪೂಜೆಗೆ ತೊಳೆದು ಇಡು ಎಂದು ಹೇಳಿ ಒಳಗೆ ಹೋದಳು.

ಎಂಟೂವರೆಗೆ ಬಿಸಿಲು ಸಾಲಿಗೆ ಬಿತ್ತು. ಮೊದಲು ಬಂದದ್ದು ಕೋಲುಜೇನು, ನಾಲ್ಕೈದು. ನಾನು ಮಂಡಿಯೂರಿ ದಾರ ಹಿಡಿದು ಅಳೆದೆ. ಒಂದು ಮೊಳದಲ್ಲಿ ಜೇನಿನ ಸದ್ದು ಕಿವಿಯೊಳಗೇ ಕೇಳುತ್ತದೆ. ಒಂದು ನನ್ನ ಹುಬ್ಬಿನ ಮೇಲೆ ಕೂತಿತು. ಕಚ್ಚಿದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಫೋಟೋ ಹೋಯಿತು. ಉಸಿರು ಹಿಡಿದು ಎಣಿಸಿದೆ. ಹನ್ನೊಂದು ಎಣಿಸುವಷ್ಟರಲ್ಲಿ ಅದು ಎದ್ದು ಹೂವಿಗೆ ಹೋಯಿತು, ನಾನು ಗುಂಡಿ ಒತ್ತಿದೆ. ಹೀಗೆ ಜೇನು ನಾಲ್ಕು. ಪಾತರಗಿತ್ತಿಗಳು ಇನ್ನೂ ಕಷ್ಟ. ದಾರ ಚಾಚಿದ ಕೂಡಲೇ ಹಾರುತ್ತಿದ್ದವು. ಕೊನೆಗೆ ಒಂದು ಹೂವಿಗೆ ಮೊದಲೇ ದೂರ ಅಳೆದು, ದಾರ ಕೆಳಗಿಟ್ಟು ಕೂತು, ಅವೇ ಬರುವವರೆಗೆ ಕಾದೆ. ಕಿತ್ತಳೆ ಬಣ್ಣದ್ದು ಮೂರು ಸಲ, ಬಿಳಿಯದು ಒಂದು ಸಲ. ಎಂಟೂ ಮುಗಿದಾಗ ಹನ್ನೆರಡೂ ಇಪ್ಪತ್ತು. ಆ ಎಂಟರಲ್ಲಿ ಎರಡರಲ್ಲಿ ಬರೀ ಅಲುಗಿದ ಹೂವು ಬಂದಿತ್ತೆಂದು ಹೈದರಾಬಾದಿನಿಂದ ತೊಳೆದು ಬಂದ ಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ಫೋಟೋ ಬಂತೋ ಇಲ್ಲವೋ ಎಂಬ ಚಿಂತೆಯೇ ನನಗಿರಲಿಲ್ಲ. ಪ್ರತಿ ಸಲ ಕಣ್ಣಿಗೆ ಕಟ್ಟುತ್ತಿದ್ದದ್ದು ಆ ಗೀರು.

ನಾಲ್ಕಕ್ಕೆ ಕ್ಯಾಮೆರಾ ಮಡಚಿ ಸದರ್ ಸಾಹೇಬರ ಮನೆಗೆ ಹೊರಟೆ. ದಾರಿಯಲ್ಲಿ ಎರಡು ಮಾತು ಹೊಂದಿಸಿಕೊಂಡಿದ್ದೆ. ಒಂದು, ಏನೂ ಆಗಲಿಲ್ಲ ಎನ್ನುವುದು. ಇನ್ನೊಂದು, ನಡೆದದ್ದು. ರೈಲು ಗೇಟಿನ ಹತ್ತಿರ ಬರುವವರೆಗೆ ಮೊದಲನೆಯದನ್ನೇ ಹೇಳುವವನಿದ್ದೆ. ಹೇಳಿದರೆ ತಪ್ಪು ಆಯಿಯ ತಲೆಗೆ ಬರುತ್ತದೆ ಎಂದು ನನಗೆ ನಾನೇ ನೆಪ ಕೊಟ್ಟುಕೊಳ್ಳುತ್ತಿದ್ದೆ. ಆದರೆ ಮಣೆ ಬಿಟ್ಟು ಹೋದವನು ನಾನು.

ಸದರ್ ಸಾಹೇಬರು ಅಂಗಳದ ಮಂಚದ ಮೇಲೆ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಕ್ರಮವಾಗಿ ಉರ್ದುವಿನಲ್ಲಿ ಹೇಳಿದೆ: ಹದಿನೆಂಟು ಹೆಜ್ಜೆ, ಮೂರು ಗೆರೆ, ಒಂಬತ್ತು ಸಲದ ನೀರು, ರೇಷ್ಮೆ. ಕೊನೆಗೆ ಗೀರು. ಅವರು ಬಿಲ್ಲೆ ತೆಗೆದುಕೊಂಡು, ಚಷ್ಮಾ ಹಣೆಗೇರಿಸಿ, ಪಶ್ಚಿಮದ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಅವರ ಕೈ ನಡುಗುವುದಕ್ಕೆ ಗಾಜಿನ ಹೊಳಪು ಗೋಡೆಯ ಮೇಲೆ ಓಡಾಡುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಅವರು ಬೀದರಿನವರು, ಕನ್ನಡ ಬಲ್ಲವರು. ಆದರೆ ನಾಲ್ಕು ತಿಂಗಳಲ್ಲಿ ನನ್ನೊಂದಿಗೆ ಒಮ್ಮೆಯೂ ಕನ್ನಡದಲ್ಲಿ ಮಾತಾಡಿರಲಿಲ್ಲ.

"ಈ ಗೀರು ನಂದ್ರಿ," ಎಂದರು. "ಹೋದ ವರ್ಷ ರುಮಾಲಿನಿಂದ ಒರಸಿದ್ದೆ. ಬಟ್ಟಿ ತಾಗಸಬ್ಯಾಡ್ರಿ ಅಂತ ಅದಕ್ಕೇ ಹೇಳಿದ್ದು."

ಅವರು ಬಿಲ್ಲೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ತೆರೆದಿಟ್ಟು ಹೋದದ್ದು ತಪ್ಪೇ, ಅದನ್ನು ಮರೆಯುವುದಿಲ್ಲ ಎಂದರು. ಆಮೇಲೆ, ಬಾಗಿಲವರೆಗೆ ಬಂದ ನನ್ನನ್ನು ಕರೆದು ಹೇಳಿದರು: "ನಾಳೆ ಐದು ನಿಮಿಷ ಮೊದಲೇ ಬರ್ರಿ. ನಿಮ್ಮ ಕುರ್ಚಿ ಕಾಲು ಅಲ್ಲಾಡ್ತದ, ಬಡಗಿಗಿ ತೋರಸಬೇಕು."

ಮನೆಗೆ ಬಂದಾಗ ಬಾಂಗು ಆಗುತ್ತಿತ್ತು. ಆಯಿ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಮುಖವನ್ನಷ್ಟೇ ನೋಡಿದಳು. ಕುರ್ಚಿ ರಿಪೇರಿ ಮಾಡಿಸುತ್ತಾರಂತೆ ಎಂದೆ. ಅವಳು ಎದ್ದು ರೊಟ್ಟಿ ಬಡಿಯಲು ಹೋದಳು. ನಾನು ಬಾವಿಯ ಹತ್ತಿರ ಹೋಗಿ ರೇಷ್ಮೆಯ ತುಂಡನ್ನು ಹಿಂಡದೆ ತೊಳೆದು, ಸೇವಂತಿಗೆಯಿಂದ ದೂರ, ಜೇನು ಕೂರದ ಕಡೆ ಹಗ್ಗದ ಮೇಲೆ ಹರಡಿದೆ.