ಯಾರಿಗೂ ಬೇಜಾರಾಗದ ಖಳನಾಯಕ

ಆಕಾಶದಲ್ಲಿ ಹಾರುವ, ಗೋಡೆ ಹತ್ತುವ, ಬೆರಳ ತುದಿಯಿಂದ ಬೆಂಕಿ ಉಗುಳುವ ಮಹಾವೀರರ ಕಾಮಿಕ್ಸನ್ನು ನಾನು ಮೊದಲು ಓದಿದ್ದು ನಲವತ್ತು ದಾಟಿದ ಮೇಲೆ. ಅದೂ ಆಸೆಯಿಂದಲ್ಲ. ಕೆ.ಆರ್. ಪೇಟೆಯ ಪ್ರೆಸ್ಸಿನ ಯಜಮಾನರೊಬ್ಬರು ಒಂದು ಬ್ಯಾಗಿನ ತುಂಬ ತಂದು ಸುರಿದು, ಇಂಥದ್ದೇ ಒಂದನ್ನು ನಮ್ಮ ಕಡೆಯ ಮಕ್ಕಳಿಗೆ ಬರೆದುಕೊಡಿ, ಶಾಲೆಗಳಿಗೆ ಹಂಚೋಣ ಅಂದರು. ನಾನು ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಹುಟ್ಟಿದ್ದು ಮೇಲುಕೋಟೆಯಲ್ಲಿ, ದೇವಸ್ಥಾನದ ಸೇವೆ ಮಾಡುವ ಮನೆಯಲ್ಲಿ. ನಾಲ್ಕು ಕೈಯ ದೇವರು, ಹತ್ತು ತಲೆಯ ರಾಕ್ಷಸರು ಚಿಕ್ಕಂದಿನಿಂದ ಕೈಗೆ ರೂಢಿ. ಎರಡೇ ಕೈಯ ವೀರನೊಬ್ಬ ಯಾವ ಮಹಾ ಕಷ್ಟ ಅಂದುಕೊಂಡು ಒಪ್ಪಿಕೊಂಡೆ.

ಪುಸ್ತಕಗಳನ್ನು ತೆರೆದರೆ ಗಂಡಸರೆಲ್ಲ ಕತ್ತಿನಿಂದ ಕಾಲಿನವರೆಗೆ ಭದ್ರವಾಗಿ ಮುಚ್ಚಿಕೊಂಡು ಲೋಕ ಕಾಪಾಡುತ್ತಿದ್ದರು. ಹೆಂಗಸರ ಪಾಲಿಗೆ ಬರುವಷ್ಟರಲ್ಲಿ ಬಟ್ಟೆ ಮುಗಿದುಹೋಗಿತ್ತು. ಗುಂಡು ಹಾರುವ ಜಾಗಕ್ಕೆ ಹೊಟ್ಟೆ ತೆರೆದುಕೊಂಡು, ಹೈ ಹೀಲ್ಸ್ ಹಾಕಿಕೊಂಡು ಬಂದಿದ್ದರು ಪಾಪ. ಎದೆಯೂ ಕಾಣಬೇಕು, ಹಿಂಭಾಗವೂ ಕಾಣಬೇಕು ಎಂದು ಒಂದೇ ಚೌಕದೊಳಗೆ ಸೊಂಟವನ್ನು ಅಷ್ಟು ತಿರುಚಿದರೆ ಲೋಕವನ್ನು ಆಮೇಲೆ ಕಾಪಾಡಬಹುದು, ಮೊದಲು ಮೂಳೆ ಕಟ್ಟುವವರ ಹತ್ತಿರ ಹೋಗಬೇಕು. ನಮ್ಮ ಬಣ್ಣದವರೂ ಹುಡುಕಿದರೆ ಸಿಗುತ್ತಿದ್ದರು, ಟ್ಯಾಕ್ಸಿ ಓಡಿಸುತ್ತಲೋ ಬಾಂಬು ಹಿಡಿದುಕೊಂಡೋ. ಕಪ್ಪು ಮನುಷ್ಯ ವೀರನ ಜೀವದ ಗೆಳೆಯ. ವೀರನಿಗೆ ಸಿಟ್ಟು ಬರಲಿ ಅಂತ ಅರ್ಧದಲ್ಲೇ ಸಾಯುವ ಜವಾಬ್ದಾರಿ ಅವನದು.

ಸಿನಿಮಾದಲ್ಲಾದರೂ ಸುಧಾರಿಸಿರಬಹುದು ಎಂದು ಮೈಸೂರಿನ ಮಾಲ್‌ಗೆ ಹೋಗಿ ಒಂದನ್ನು ನೋಡಿದೆವು. ಸುಧಾರಿಸಿತ್ತು. ನಾಯಕಿ ಕೈಯಾರೆ ನೂರು ಜನರನ್ನು ಹೊಡೆದಳು, ಲಿಪ್‌ಸ್ಟಿಕ್ ಅಲುಗಲಿಲ್ಲ. ಕಥೆ ಗಡ್ಡದವರ ದೇಶಕ್ಕೆ ಹೋದ ತಕ್ಷಣ ಪರದೆಯೆಲ್ಲ ಹಳದಿ ಧೂಳಾಯಿತು. ಆ ದೇಶಗಳಲ್ಲಿ ಬೆಳಗಾಗುವುದೇ ಹಾಗೆ ಅಂತ ಕಾಣುತ್ತದೆ. ನನ್ನ ಜೊತೆಗಿದ್ದ ಗೆಳತಿ ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿ, ನಮ್ಮೋರು ಬಂದ್ರು ನೋಡು, ಇನ್ನೇನು ಸಾಯ್ತಾರೆ, ಅಂದಳು. ಎರಡೇ ನಿಮಿಷಕ್ಕೆ ಸತ್ತರು. ಅವಳ ಮಗಳು ನಕ್ಕಳು, ನಾವೂ ನಕ್ಕೆವು.

ಈ ಗೆಳತಿ ನಮ್ಮದೇ ಶಾಲೆಯ ಗಣಿತದ ಟೀಚರು. ಇಬ್ಬರದೂ ಶ್ರೀರಂಗಪಟ್ಟಣದಲ್ಲಿ ಮನೆ, ಅವಳದು ಮಸೀದಿ ಹಿಂದಿನ ಬೀದಿ. ಹನ್ನೆರಡು ವರ್ಷದಿಂದ ಒಂದೇ ಬಸ್ಸು, ಒಂದೇ ಸೀಟು. ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ಕೆಲವು ಡ್ರೈವರುಗಳಿಗೆ ಸ್ಟಾಪಿನಲ್ಲಿ ನಿಂತ ಹೆಂಗಸರು ಕಣ್ಣಿಗೇ ಬೀಳುವುದಿಲ್ಲ. ಸಂಜೆ ಶಾಲೆ ಬಿಟ್ಟಾಗ ಕ್ಯಾತನಹಳ್ಳಿ ಕಡೆಯ ಹುಡುಗಿಯರೂ ನಾವೂ ಕೈ ಆಡಿಸುತ್ತಲೇ ಇರುತ್ತಿದ್ದೆವು, ಬಸ್ಸು ಹೋಗುತ್ತಲೇ ಇರುತ್ತಿತ್ತು. ಒಂದು ದಿನ ಇವಳು ಊಟದ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ರಸ್ತೆಯ ನಡುವೆ ಹೋಗಿ, ಬಲಗೈ ಎತ್ತಿ ನಿಂತಳು. ಹಾರ್ನ್ ಹೊಡೆದರೂ ಕದಲಲಿಲ್ಲ. ಬಸ್ಸು ನಿಂತಿತು, ಅದರ ಹಿಂದೆ ಕಬ್ಬಿನ ಟ್ರಾಕ್ಟರುಗಳೂ ನಿಂತವು. ಹುಡುಗಿಯರೆಲ್ಲ ಹತ್ತಿದ ಮೇಲೆ ಕೊನೆಯಲ್ಲಿ ಹತ್ತಿ, ಏನೂ ಆಗದವಳಂತೆ ಟೆಸ್ಟ್ ಪೇಪರ್ ತಿದ್ದುತ್ತ ಕೂತಳು. ಅವತ್ತಿನಿಂದ ಅದೇ ಅವಳ ದಿನಚರಿ.

ವೀರರನ್ನು ಬೇರೆಲ್ಲಿ ಹುಡುಕಲಿ? ನನ್ನ ಕಾಮಿಕ್ಸಿಗೆ ನೀನೇ ನಾಯಕಿ ಅಂದೆ. ಸುಮ್ನಿರೇ ಅಂದಳು. ಆದರೆ ಮರುದಿನ ತಲೆಯ ದುಪಟ್ಟಾಕ್ಕೆ ಇಸ್ತ್ರಿ ಹಾಕಿಕೊಂಡು ಬಂದಳು. ಆರನೇ ಕ್ಲಾಸಿನಲ್ಲಿ ಓದುವ ಅವಳ ಮಗಳು ನಮ್ಮಮ್ಮಿ ಪುಸ್ತಕದಲ್ಲಿ ಬರ್ತಾಳೆ ಎಂದು ಇಡೀ ಕ್ಲಾಸಿಗೆ ಸಾರಿದಳು. ಅವಳಿಗಿಂತ ಹೆಚ್ಚು ಕಾದವರು ಯಾರೂ ಇಲ್ಲ. ದಿನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಎಷ್ಟು ಪುಟ ಆಯ್ತು ಅಂತ ಕೇಳುತ್ತಿದ್ದಳು.

ಕಾಮಿಕ್ಸಿನಲ್ಲಿ ಒಂದೇ ಮುಖ ಪುಟಪುಟಕ್ಕೂ ಒಂದೇ ಥರ ಬರಬೇಕು. ಅದಕ್ಕೆ ನನ್ನದು ಹಳೇ ವಿಧಾನ. ಮುಖವನ್ನು ಎದುರಿನಿಂದ, ಪಕ್ಕದಿಂದ, ನಗುವಾಗ, ಸಿಟ್ಟಾದಾಗ ಎಂದು ಟ್ರೇಸಿಂಗ್ ಹಾಳೆಯಲ್ಲಿ ಬರೆದಿಟ್ಟುಕೊಂಡು, ಬೇಕಾದ ಚೌಕಕ್ಕೆ ಇಳಿಸುವುದು. ಅವಳ ಕೂಡುಹುಬ್ಬು, ಎಡಗಣ್ಣಿನ ಕೆಳಗಿನ ಮಚ್ಚೆ ಎಲ್ಲವನ್ನೂ ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಬರೆದೆ. ಸಿಟ್ಟಿನ ಮುಖ ಎಲ್ಲಕ್ಕಿಂತ ಚೆನ್ನಾಗಿ ಬಂತು. ಕಥೆಯೂ ಸರಳ. ನಾಲೆಯ ತೂಬು ಮುಚ್ಚಿ ನೀರು ಕದಿಯುವ ದೊಡ್ಡ ಮನುಷ್ಯ, ಅವನ ಟ್ರಾಕ್ಟರುಗಳನ್ನು ಕೈಯೆತ್ತಿ ನಿಲ್ಲಿಸುವ ಟೀಚರು.

ಹಾಳೆಗಳು, ಪುಸ್ತಕವನ್ನು ಶಾಲೆಗಳಿಗೆ ಹಂಚಲು ಒಪ್ಪಬೇಕಿದ್ದ ಕಮಿಟಿಗೆ ಹೋದವು. ಕಮಿಟಿ ಅಂದರೆ ನಾಗಮಂಗಲದ ಕಡೆಯ ಅಧ್ಯಕ್ಷರು ಮತ್ತು ಅವರು ಹೇಳಿದ್ದಕ್ಕೆ ತಲೆಯಾಡಿಸುವ ನಾಲ್ವರು. ಎಲ್ಲರೂ ಬಹಳ ಮೆಚ್ಚಿದರು. ಸಣ್ಣಪುಟ್ಟ ತಿದ್ದುಪಡಿ ಅಷ್ಟೇ. ಸೊಂಟ ಸ್ವಲ್ಪ ಸಣ್ಣ ಮಾಡಿದರೆ ಮಕ್ಕಳಿಗೆ ಆಸಕ್ತಿ ಬರುತ್ತದೆಯಂತೆ. ಮಾಡಿದೆ. ತಲೆಯ ಮೇಲಿನ ಬಟ್ಟೆಯನ್ನು ಒಂದು ಗೇಣು ಕೆಳಗಿಳಿಸಿ ಬೆನ್ನಿಗೆ ಬಿಟ್ಟರೆ ಗಾಳಿಯಲ್ಲಿ ಹಾರಾಡುತ್ತದೆ, ವಿದೇಶದ್ದರಲ್ಲೂ ಹಾಗೇ ಇದೆಯಲ್ಲ, ಅಂದರು. ಇಳಿಸಿದೆ. ಬಣ್ಣ ಎರಡು ಸಲ ಬೆಳ್ಳಗಾಯಿತು. ಕೊನೆಗೆ, ಹೆಂಗಸು ಒಬ್ಬಳೇ ಇಷ್ಟೆಲ್ಲ ಮಾಡುವುದು ಸಹಜವಾಗಿಲ್ಲ, ಒಬ್ಬ ಯುವಕ ಬರಲಿ, ಅವಳನ್ನು ಅವನು ನಾಲೆಯಿಂದ ಎತ್ತಲಿ ಅಂದರು. ಹಾರುವ ಯುವಕ ಸಹಜ. ಎತ್ತಿಸಿಕೊಳ್ಳುವವಳಿಗೆ ಕೂಡುಹುಬ್ಬು ಗಡಸಾಯಿತೆಂದು ಗೆಳತಿಯ ಮುಖ ಹೋಗಿ ಬೇರೆ ಮುಖವೇ ಬಂತು. ಪ್ರತಿ ಸಲವೂ ಇದೊಂದೇ ತಾನೇ ಅಂದುಕೊಂಡೆ. ಪುಸ್ತಕದ ಮೇಲೆ ನನ್ನ ಹೆಸರು ಬರುವುದಿತ್ತು, ಅದರ ಆಸೆ ನನಗೆ ಚೆನ್ನಾಗಿಯೇ ಇತ್ತು.

ಅಚ್ಚಿಗೆ ನಾಲ್ಕು ದಿನ ಇರುವಾಗ ಪ್ರೆಸ್ಸಿನವರ ಫೋನ್ ಬಂತು. ನಾನು ಬರೆದ ಖಳನಾಯಕ ಬಿಳಿ ಶರ್ಟು, ಬಿಳಿ ಪಂಚೆ, ಚಿನ್ನದ ಉಂಗುರದವನು.

"ಮೇಡಂ, ಇವ್ನು ನಮ್ ಅಧ್ಯಕ್ಷರಂಗೇ ಅವ್ನೆ. ಒಂದು ಗಡ್ಡ ಬುಟ್ಟು, ತಲೆಗೊಂದು ಟೋಪಿ ಹಾಕ್ಬುಡಿ. ಯಾರಿಗೂ ಬೇಜಾರಾಗಾಕಿಲ್ಲ," ಅಂದರು.

ಯಾರಿಗೂ ಅಂದರೆ ಯಾರಿಗೆ ಎಂದು ನಾನು ಕೇಳಬೇಕಿತ್ತು. ಎಷ್ಟು ಚೌಕ ಸರ್ ಎಂದು ಕೇಳಿದೆ. ಇಪ್ಪತ್ತಾರು. ಹೊಸ ಮುಖ ಕಟ್ಟಲು ಹೊತ್ತಿರಲಿಲ್ಲ. ಫೈಲಿನಲ್ಲಿ ಕೆಲಸಕ್ಕೆ ಬಾರದ ಟ್ರೇಸಿಂಗ್ ಹಾಳೆಗಳಿದ್ದವು, ಏನನ್ನೂ ಎಸೆಯದ ಮನೆಯಲ್ಲಿ ಬೆಳೆದವಳು ನಾನು. ಗೆಳತಿಯ ಸಿಟ್ಟಿನ ಮುಖದ ಹಾಳೆ ಹೊರತೆಗೆದೆ, ದುಪಟ್ಟಾ ಬಿಟ್ಟು ಟೋಪಿ ಇಟ್ಟೆ, ಗಲ್ಲಕ್ಕೆ ಗಡ್ಡ ತುಂಬಿದೆ. ಯಾರಿಗೂ ಗುರುತು ಸಿಗುವುದಿಲ್ಲ ಎಂದು ನಿಜವಾಗಿಯೂ ನಂಬಿದ್ದೆ. ಕೆಲಸ ಬೇಗ ಮುಗಿಯಿತೆಂದು ಖುಷಿಯೂ ಆಗಿತ್ತು.

ಪುಸ್ತಕದ ಕಟ್ಟುಗಳು ಶಾಲೆಗೆ ಬಂದ ದಿನ ಸಂಜೆ ಮಗಳು ಓಡಿಬಂದು ಒಂದನ್ನು ಎಳೆದುಕೊಂಡಳು. ತಾಯಿಯೂ ಪಕ್ಕದಲ್ಲಿ ನಿಂತಳು. ನಾಯಕಿ ಬದಲಾಗಿದ್ದಾಳೆ, ಕಮಿಟಿಯವರು ಬಹಳ ತಿದ್ದಿದರು ಎಂದು ನಾನು ಶುರು ಮಾಡಿದೆ. ಹುಡುಗಿ ಕೇಳಿಸಿಕೊಳ್ಳಲಿಲ್ಲ, ಬೆರಳಿಟ್ಟು ಒಂದೊಂದೇ ಪುಟ ಹುಡುಕಿಕೊಂಡು ಹೋದಳು. ಒಂಬತ್ತನೇ ಪುಟದಲ್ಲಿ ಬೆರಳು ನಿಂತಿತು.

"ಅಮ್ಮಿ, ಇದು ನೀನು," ಅಂದಳು.

ಬೆರಳು ಖಳನಾಯಕನ ಮೇಲಿತ್ತು. ಮಚ್ಚೆಯನ್ನು ತೆಗೆಯುವುದನ್ನೂ ನಾನು ಮರೆತಿದ್ದೆ.

ಗೆಳತಿ ಪುಸ್ತಕ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ಇದನ್ನ ಅವ್ರು ತಿದ್ದಿದ್ರಾ, ನೀನೇ ಬರೆದ್ಯಾ?" ಎಂದು ಕೇಳಿದಳು.

ಅವರೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಡ್ಡ, ಟೋಪಿ ಅವರದು ಹೌದು. ಮುಖ ನಾನು ಕೊಟ್ಟದ್ದು. ನಾನೇ ಅಂದೆ. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

"ನನ್ ಕ್ಲಾಸಿಗೆ ನೀನೇ ಹಂಚ್ಬುಡು. ನನ್ ಕೈಲಾಗಲ್ಲ," ಅಂದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವಳ ಕ್ಲಾಸೆಂದರೆ ಆರನೇ ಕ್ಲಾಸು. ಮರುದಿನ ಮೊದಲ ಪೀರಿಯಡ್ಡಿನಲ್ಲಿ ನಾನೇ ಹೋಗಿ ಹಂಚಿದೆ. ಒಬ್ಬೊಬ್ಬರೂ ಎದ್ದು ನಿಂತು ಥ್ಯಾಂಕ್ಯೂ ಮಿಸ್ ಅಂದರು. ವಿಲನ್ ಸೂಪರ್ ಆಗವ್ನೆ ಎಂದು ಹಿಂದಿನ ಬೆಂಚಿನಿಂದ ಹೊಗಳಿಕೆಯೂ ಬಂತು. ಅವಳ ಮಗಳು ತನ್ನ ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತೆರೆಯದೆ ಬ್ಯಾಗಿಗೆ ಹಾಕಿದಳು. ಪಕ್ಕದ ಹುಡುಗಿ ತನ್ನದನ್ನು ತೆರೆದು ಒಂಬತ್ತನೇ ಪುಟಕ್ಕೆ ಬಂದಾಗ, ಇವಳು ಕೈ ಚಾಚಿ ಆ ಮುಖದ ಮೇಲೆ ಅಂಗೈ ಮುಚ್ಚಿದಳು. ಯಾಕೆ ಎಂದು ಆ ಹುಡುಗಿ ಕೇಳಿದಳು. ಇವಳು ಕೈ ತೆಗೆಯದೆ ನನ್ನ ಕಡೆ ನೋಡಿದಳು.