ಮಾವನ ಹೆಸರಿಗೆ ಅಳಿಯನ ಸಾಕ್ಷಿ

ನಾನು ನಿಷ್ಪಕ್ಷಪಾತಿ ಎಂದು ನನಗೆ ಬಹಳ ಕಾಲ ನಂಬಿಕೆಯಿತ್ತು. ಮಧುಗಿರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನಿಗೆ ಅಂಥ ನಂಬಿಕೆ ಬರುವುದು ಸಹಜ. ಅಶೋಕನಿಗೂ ಅಕ್ಬರನಿಗೂ ಸಮನಾಗಿ ಅಂಕ ಹಂಚಿ ಅಭ್ಯಾಸ. ಅದರ ಮೇಲೆ ಸಂಜೆ ಹೊತ್ತು ಜಾಲತಾಣದ ವಿಶ್ವಕೋಶ ತಿದ್ದುವ ಚಟ ಬೇರೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಅಳಿಸಬಹುದಾದ ಆ ವಿಶ್ವಕೋಶವನ್ನು ನೀವೂ ನೋಡಿರುತ್ತೀರಿ. ನೀವು ಓದಿ ಸುಮ್ಮನಾಗಿರುತ್ತೀರಿ. ನನ್ನಂಥವರಿಗೆ ಕೈ ತುರಿಸುತ್ತದೆ.

ನಮ್ಮೂರ ಬೆಟ್ಟದ ಪುಟಕ್ಕೆ ಯಾರೋ ಅಭಿಮಾನಿ ಆಗಾಗ ಬಂದು 'ಭವ್ಯವಾದ' ಎಂದು ಸೇರಿಸುತ್ತಾನೆ. ನಾನು ತೆಗೆಯುತ್ತೇನೆ. ಬೆಳಗ್ಗೆ ಕಿಟಕಿ ತೆರೆದರೆ ಅದೇ ಬೆಟ್ಟ ಕಾಣುತ್ತದೆ, ಭವ್ಯವಾಗಿಯೇ ಕಾಣುತ್ತದೆ, ಆದರೂ ತೆಗೆಯುತ್ತೇನೆ. ಪಾವಗಡದ ಕಡೆಯವರೊಬ್ಬರು ರಾಯಚರ್ಲಿನ ಸೌರಫಲಕಗಳ ಬಗ್ಗೆ ಬರೆಯುತ್ತ 'ಸೂರ್ಯದೇವನು ಇಲ್ಲಿಯೇ ನೆಲೆಸಿದ್ದಾನೆ' ಎಂದಿದ್ದರು. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿಬಂದ ನನಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆಧಾರ ಬೇಕಲ್ಲ? ಅಳಿಸಿದೆ. ಸಿದ್ದರ ಬೆಟ್ಟದ ಗಿಡಮೂಲಿಕೆಗಳು ಸಕಲ ರೋಗಗಳನ್ನೂ ಗುಣಪಡಿಸುತ್ತವೆ ಎಂದು ಬರೆದ ಕೊರಟಗೆರೆಯ ಪುಣ್ಯಾತ್ಮರಿಗೂ ಅದೇ ಗತಿ. ಹೀಗೆ ಮೂರು ತಾಲ್ಲೂಕಿನ ಅಭಿಮಾನಗಳಿಗೆಲ್ಲ ಕತ್ತರಿ ಹಾಕಿ, ಕಾಫಿ ಕುಡಿದು, ನೆಮ್ಮದಿಯಾಗಿ ಮಲಗುತ್ತಿದ್ದೆ.

ಹೊಗಳಿಕೆ ಹೊಸ ರೋಗವಲ್ಲ ಬಿಡಿ. ಹಳೆಯ ಕಲ್ಲಿನ ಶಾಸನಗಳನ್ನು ನೋಡಿ. ಎರಡು ಬೆಟ್ಟದ ನಡುವಿನ ಪಾಳೆಯಗಾರನೂ ಅಲ್ಲಿ ಶತ್ರುಗಳೆಂಬ ಆನೆಗಳಿಗೆ ಸಿಂಹ. ದಾನ ಪಡೆದವನೇ ಬರೆಸಿದ ಮೇಲೆ ದಾನ ಕೊಟ್ಟವನನ್ನು ಇಲಿ ಎಂದಾನೆಯೇ? ವಿಶ್ವಕೋಶದವರು ಇದನ್ನೇ 'ಹಿತಾಸಕ್ತಿ ಸಂಘರ್ಷ' ಎನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮಜ್ಜಿ ಹೇಳುತ್ತಿದ್ದುದೂ ಇದನ್ನೇ, ಇನ್ನೂ ಸ್ವಲ್ಪ ಅರ್ಥವಾಗುವಂತೆ.

ನನ್ನ ಕತ್ತರಿ ಮೊಂಡಾದದ್ದು ಹೆಂಡತಿಯ ತವರಿನ ಕೆರೆಯ ದಂಡೆಯ ಮೇಲೆ. ಶಿರಾ ತಾಲ್ಲೂಕಿನಲ್ಲಿ, ಮದಲೂರಿನಿಂದಾಚೆಗೆ ಇರುವ ಊರು ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಹೋಗಿ ಪುಟ ತಿದ್ದುತ್ತೀರಿ. ನನ್ನ ಮಾವ ಜುಂಜಣ್ಣ ಆ ಕೆರೆಯ ನೀರುಗಂಟಿಯಾಗಿದ್ದವರು. ತೂಬು ಎತ್ತಿ, ಕೆರೆಯ ಕೆಳಗಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಕೆಲಸ ಅವರದು. ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು: ಕೆರೆಯ ಕೆಳಗೆ ಸ್ವಂತ ಗದ್ದೆ ಇದ್ದವನು ನೀರುಗಂಟಿಯಾಗುವಂತಿಲ್ಲ. ಮಾವನಿಗೆ ಅಲ್ಲಿ ಒಂದು ಗುಂಟೆಯೂ ಇರಲಿಲ್ಲ.

ಒಂದು ಸಂಜೆ ನನ್ನ ಹೆಂಡತಿ ಭಾಗ್ಯ ನನ್ನ ಭುಜದ ಮೇಲಿಂದ ಬಗ್ಗಿ ಆ ಕೆರೆಯ ಪುಟ ನೋಡಿದಳು. ಕಟ್ಟಿಸಿದ ಪಾಳೆಯಗಾರನ ಹೆಸರಿತ್ತು, ಹೂಳೆತ್ತಿಸಿದವರ ಹೆಸರಿತ್ತು.

"ಜೀವಮಾನವೆಲ್ಲ ಆ ಕೆರೆ ನೀರು ಹಂಚಿದ್ದು ನಮ್ಮಪ್ಪ. ಅವರ ಹೆಸರೆಲ್ರೀ?" ಎಂದಳು. "ಅಪ್ಪ ಇರುವಾಗಲೇ ಒಂದು ಸಲ ತೋರಿಸಬೇಕು."

ಇಂಥ ಹೊತ್ತಿನಲ್ಲಿ ಆಧಾರ ಕೇಳುವ ಗಂಡಸು ನಾನಲ್ಲ. ಆಗಲೇ ಬರೆದೆ: 'ಈ ಕೆರೆಯ ನೀರನ್ನು ಧರ್ಮರಾಯನಂತೆ ಹಂಚಿದ ಮಹಾನುಭಾವರು ಶ್ರೀ ಜುಂಜಣ್ಣನವರು.'

ಸಾರಿಗೆ ಒಗ್ಗರಣೆ ಬೀಳುವುದರೊಳಗೆ ಯಾರೋ ಅಳಿಸಿದ್ದರು. ಎಲ್ಲಿಯವರೋ ಗೊತ್ತಿಲ್ಲದ ಒಬ್ಬ ಸಂಪಾದಕರು ಕೆಳಗೊಂದು ಪ್ರಶ್ನೆಯನ್ನೂ ಇಟ್ಟಿದ್ದರು: 'ಈ ವ್ಯಕ್ತಿಗೂ ನಿಮಗೂ ಏನಾದರೂ ಸಂಬಂಧವಿದೆಯೇ?'

ನಾನು ಮುಗ್ಗರಿಸಿದ್ದು ಇಲ್ಲೇ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ಯಾವೂರು, ಎರಡನೆಯದು ಯಾರ ಪೈಕಿ. ದೊಡ್ಡೇರಿ ದಾಟುವುದರೊಳಗೆ ಏನಾದರೊಂದು ಸಂಬಂಧ ಹೊರಬಿದ್ದು, ಅವರ ಚೀಲದ ಕಡಲೆಕಾಯಿ ನಿಮ್ಮ ಕೈಗೆ ಬಂದಿರುತ್ತದೆ. ಸಂಬಂಧ ನಮಗೆ ಅರ್ಹತೆ; ಅದಿಲ್ಲದವನ ಮಾತನ್ನು ನಂಬುವುದು ಹೇಗೆ? ಆದ್ದರಿಂದ ಹಿಗ್ಗಿ ಉತ್ತರಿಸಿದೆ: 'ಖಂಡಿತ ಇದೆ. ನಾನು ಅವರ ಖಾಸಾ ಅಳಿಯ. ನನ್ನ ತಾಯಿಯ ಕಡೆಯಿಂದ ಅವರು ನನಗೆ ಸೋದರಮಾವನೂ ಹೌದು. ತಮ್ಮದು ಯಾವೂರು?'

ತಮ್ಮ ಊರು ಅವರು ಹೇಳಲಿಲ್ಲ. ಸಂಬಂಧವಿಲ್ಲದವರು ಬರೆದ, ಅಚ್ಚಾದ ಆಧಾರವಿದ್ದರೆ ಮಾತ್ರ ಸೇರಿಸಬಹುದು ಎಂದರು. ಪಾವಗಡದ ಸೂರ್ಯಭಕ್ತರಿಗೆ ನಾನು ಹೇಳಿದ್ದ ಮಾತೇ ಅದು. ಅವರಿಗೆ ಎಷ್ಟು ಉರಿದಿರಬೇಕೆಂದು ಅವತ್ತು ತಿಳಿಯಿತು.

"ನಿಮಗೆ ಬುದ್ಧಿ ಇದೆಯಾ? ಅಳಿಯ ಅಂತ ಯಾರು ಹೇಳು ಅಂದ್ರು?" ಎಂದು ಭಾಗ್ಯ ಸಿಡುಕಿದಳು.

ಸಂಬಂಧವಿಲ್ಲದ ಬರಹಗಾರರನ್ನು ಹುಡುಕಲು ಹೊರಟೆ. ಕೊರಟಗೆರೆಯ ಗೆಳೆಯರೊಬ್ಬರು ಚೆನ್ನಾಗಿ ಬರೆಯುತ್ತಾರೆ. ವಿಚಾರಿಸಿದರೆ ಅವರ ಅತ್ತಿಗೆ ನನ್ನ ಚಿಕ್ಕಮ್ಮನ ಮಗಳು. ಕೊನೆಗೆ ಶಿರಾದ ಕಾಲೇಜಿನಲ್ಲಿ ಇತಿಹಾಸ ಹೇಳುವ ನಸೀಮಾ ಮೇಡಂ ಸಿಕ್ಕರು. ಸುತ್ತಲಿನ ಕೆರೆಗಳ ಬಗ್ಗೆ ಅವರು ಆಗಲೇ ಪುಸ್ತಕ ಬರೆಯುತ್ತಿದ್ದರು. ನಾನು ಊರಿನ ಹೆಸರು ಹೇಳಿ, ಕಷ್ಟಪಟ್ಟು ಮಾವನ ಹೆಸರು ನುಂಗಿಕೊಂಡೆ.

ಅವರು ಆ ಊರಿಗೆ ಹೋಗಿ, ಅರಳಿಕಟ್ಟೆಯ ಮೇಲೆ ಕಂಡವರನ್ನು ಹಳೆಯ ನೀರುಗಂಟಿಯ ಬಗ್ಗೆ ಮಾತಾಡಿಸಿದರು. ಕಂಡವರು ಚಿಕ್ಕಣ್ಣ! ನೀರಿನ ವಿಷಯಕ್ಕೆ ನಮ್ಮ ಮಾವನ ಜೊತೆ ಮಾತು ಬಿಟ್ಟ ಮನುಷ್ಯ. ಸುದ್ದಿ ಕೇಳಿ ಭಾಗ್ಯ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಹೆಸರು ಬರದಿದ್ದರೆ ಹೋಗಲಿ, ಕೆಟ್ಟ ಹೆಸರು ಅಚ್ಚಾದರೆ ಏನು ಗತಿ ಎಂಬುದು ಅವಳ ಸಂಕಟ. ಆ ಅನ್ನವನ್ನು ನಾನೂ ಉಪ್ಪು ಗೊತ್ತಾಗದೆ ಉಂಡೆ.

ಚಿಕ್ಕಣ್ಣ ಹೇಳಿದ್ದನ್ನು ಮೇಡಂ ಆಮೇಲೆ ನಮಗೆ ಫೋನಿನಲ್ಲಿ ಕೇಳಿಸಿದರು. "ಆ ಜುಂಜಣ್ಣನಾ? ಅವ್ನ ಸುದ್ದಿ ಎತ್ಬ್ಯಾಡ ಕಣಮ್ಮ. ಪೈರು ಒಣಗ್ತೈತೆ, ಒಂದ್ ಗಳಿಗೆ ಜಾಸ್ತಿ ನೀರು ಬುಡ್ಲಾ ಅಂತ ಕೈ ಹಿಡ್ಕಂಡ್ ಕೇಳ್ದೆ, ಬುಡ್ಲಿಲ್ಲ. ಗೌಡ್ರು ಗದರುಸುದ್ರು, ಅವ್ರಿಗೂ ಬುಡ್ಲಿಲ್ಲ. ನಮಗೋಗ್ಲಿ, ಸ್ವಂತ ಬಾಮೈದುನ್ ಗದ್ದೆಗಾದ್ರೂ ಬುಟ್ನಾ? ಊಹೂಂ! ಸುಗ್ಗಿ ಮುಗಿಯೋಗಂಟ ಹೆಂಡ್ತಿ ಅವ್ನ್ ಕುಟ್ಟೆ ಮಾತಾಡ್ಲಿಲ್ಲ. ಅಂಥಾ ಕಲ್ಲೆದೆಯೋನು!"

ಪುಸ್ತಕ ಅಚ್ಚಾಯಿತು. ನಮ್ಮ ಸಾಲನ್ನು ಅಳಿಸಿದ್ದ ಸಂಪಾದಕರೇ ಅದನ್ನು ಓದಿ, ಕೆರೆಯ ಪುಟಕ್ಕೆ ತಾವೇ ಒಂದು ಸಾಲು ಸೇರಿಸಿದರು: 'ಇಲ್ಲಿನ ನೀರುಗಂಟಿ ಜುಂಜಣ್ಣ ಯಾರಿಗೂ, ಸ್ವಂತ ಬಂಧುಗಳಿಗೂ, ಸರದಿಗಿಂತ ಹೆಚ್ಚು ನೀರು ಬಿಡುತ್ತಿರಲಿಲ್ಲ ಎಂಬುದು ರೈತರ ದೂರು.'

ಭಾನುವಾರ ಊರಿಗೆ ಹೋಗಿ ಮಾವನಿಗೆ ಓದಿ ಹೇಳಿದೆವು. ಅವರು ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಓದಿಸಿದರು. ಭಾಗ್ಯಳಿಗೆ ಮಾತ್ರ ಸಮಾಧಾನವಿಲ್ಲ.

"ದೂರು ಅಂತ ಯಾಕಿರ್ಬೇಕಪ್ಪ? ಅದನ್ನ ತೆಗೆದು 'ಮೆಚ್ಚುಗೆ' ಅಂತ ಹಾಕಿಸ್ಲಾ? ಇವ್ರ ಕೈಲೇ ಆಗುತ್ತೆ."

ನಿಜ, ನನ್ನ ಬೆರಳು ಆಗಲೇ ಫೋನಿನ ಮೇಲಿತ್ತು.

"ಬ್ಯಾಡ ಕಣಮ್ಮ," ಎಂದರು ಮಾವ. "ಚಿಕ್ಕಣ್ಣ ಸುಳ್ಳೇಳೋನಲ್ಲ, ಅವ್ನ್ ಪೈರು ಒಣಗಿದ್ದು ದಿಟ. ಅಳಿಯಂದ್ರೇ, ನೀವೀಗ ಆ ಮಾತು ತಿದ್ದುದ್ರೆ, ನಮ್ಮೋರ್ಗೆ ಅಂತ ಕದ್ದು ತೂಬು ಎತ್ತಿದಂಗಾಯ್ತದೆ."

ನಾನು ಫೋನನ್ನು ಜೇಬಿಗಿಟ್ಟುಕೊಂಡೆ.